ಓದುಗರ ಪ್ರಶ್ನೆ: ಎಐ ಮಾತು ಕೇಳುತ್ತಿಲ್ಲ, ಫೈಲ್ ಮಾತ್ರ ಬೆಳೆಯುತ್ತಿದೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಹಾಸನ, ಚಿಕ್ಕಮಗಳೂರು ಕಡೆಯವೇ. ವಿಷಯವೂ ಹೆಚ್ಚುಕಡಿಮೆ ಒಂದೇ. ಕೋಡ್ ಬರೆದುಕೊಡುವ ಎಐ ಸಹಾಯಕನಿಗೆ ನಾವು ಬರೆದಿಡುವ ಸೂಚನೆ ಫೈಲು. ಗೊತ್ತಿಲ್ಲದವರಿಗೆ ಎರಡು ಮಾತು: ಕ್ಲಾಡ್ ಕೋಡ್, ಕೋಡೆಕ್ಸ್, ಕರ್ಸರ್, ಕೋಪೈಲಟ್ ಥರದ ಸಹಾಯಕನ ಜೊತೆ ಹೊಸ ಸೆಷನ್ ಶುರು ಮಾಡಿದರೆ, ನಿನ್ನೆ ಅಷ್ಟು ಹೊತ್ತು ಕೂತು ಹೇಳಿಕೊಟ್ಟಿದ್ದು ಸಾಮಾನ್ಯವಾಗಿ ಇವತ್ತಿಗೆ ಇರುವುದಿಲ್ಲ. ಅದಕ್ಕೇ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಒಂದು ಸಾದಾ ಟೆಕ್ಸ್ಟ್ ಫೈಲ್ ಇಡುತ್ತಾರೆ. ಪ್ರತಿ ಸಲ ಕೆಲಸ ಶುರು ಮಾಡುವ ಮೊದಲು ಅದು ಆ ಫೈಲನ್ನು ಓದಿಕೊಳ್ಳುತ್ತದೆ.

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಕೊನೇ ವರ್ಷದ ಎಂಜಿನಿಯರಿಂಗ್ ಓದುತ್ತಿದ್ದೇನೆ. ಆಲೂಗಡ್ಡೆ ಬೆಳೆಗಾರರಿಗೆ ಒಂದು ಆ್ಯಪ್ ಮಾಡುವುದು ನಮ್ಮ ಪ್ರಾಜೆಕ್ಟು. ಸೂಚನೆ ಫೈಲನ್ನು ಎಐ ಕೈಯಲ್ಲೇ ಬರೆಸಿ, ನೆಟ್ಟಿನಲ್ಲಿ ಸಿಕ್ಕ ಫೈಲುಗಳಿಂದ ಒಳ್ಳೊಳ್ಳೆ ಸಾಲುಗಳನ್ನು ಸೇರಿಸಿದೆವು. ಈಗ 400 ಸಾಲು ಆಗಿದೆ. ಆದರೂ ಹೇಳಿದ ಮಾತು ಕೇಳುವುದಿಲ್ಲ. ಇನ್ನೂ ಏನು ಸೇರಿಸಬೇಕು? ಮೊದಲ ಪುಟ ಕಳಿಸಿದ್ದೇನೆ.
(ವಿದ್ಯಾರ್ಥಿನಿ, ಹಾಸನ)

ಉತ್ತರ: ಸೇರಿಸಬೇಡಿ ತಾಯಿ, ತೆಗೆಯಿರಿ.

ನಿಮ್ಮ ಪುಟ ಓದಿದೆ. ಮೊದಲ ಸಾಲು, 'ನೀನು 20 ವರ್ಷ ಅನುಭವ ಇರುವ ಹಿರಿಯ ಡೆವಲಪರ್'. ಆಮೇಲೆ 'ಸ್ವಚ್ಛವಾದ ಕೋಡ್ ಬರೆ', 'ಅರ್ಥವಾಗುವ ಹೆಸರು ಇಡು', 'ತಪ್ಪು ಬರದಂತೆ ನೋಡಿಕೊ', 'ಈ ಪ್ರಾಜೆಕ್ಟ್ ರಿಯಾಕ್ಟ್ ಬಳಸುತ್ತದೆ'. ಇದರಲ್ಲಿ ಒಂದಾದರೂ ಅದಕ್ಕೆ ಹೊಸ ಸುದ್ದಿಯಾ? ರಿಯಾಕ್ಟ್ ಅನ್ನುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬಳಸಿದ್ದೀರಿ ಅಂತ ಪ್ಯಾಕೇಜ್ ಫೈಲ್ ತೆರೆದರೆ ಸಾಕು, ಗೊತ್ತಾಗುತ್ತದೆ. ಸ್ವಚ್ಛವಾದ ಕೋಡ್ ಬರೆ ಅಂತ ಹೇಳದೇ ಇದ್ದಿದ್ದರೆ ಬೇಕಂತಲೇ ಗಲೀಜು ಮಾಡುತ್ತಿತ್ತಾ? ತೋಟಕ್ಕೆ ಲೆಕ್ಕ ಬರೆಯುವ ಹೊಸ ರೈಟರ್ ಸೇರಿದರೆ ಅವನಿಗೆ ಕೂಡುವ ಕಳೆಯುವ ಲೆಕ್ಕ ಯಾರೂ ಹೇಳಿಕೊಡುವುದಿಲ್ಲ. ನಮ್ಮಲ್ಲಿ ಬಟವಾಡೆ ಶನಿವಾರ, ಮೇಲಿನ ಬ್ಲಾಕಿನ ಗೇಟಿನ ಬೀಗದ ಕೈ ಇಂಥವರ ಹತ್ತಿರ, ಹಿಂದಿನವನು ಇಟ್ಟ ಹಳೇ ಪುಸ್ತಕ ನಂಬಬೇಡ, ಅಂತ ಮೂರು ಮಾತು ಹೇಳಿ ಕೆಲಸಕ್ಕೆ ಬಿಡುತ್ತಾರೆ. ಫೈಲಿನಲ್ಲಿ ಇರಬೇಕಾದ್ದೂ ಆ ಮೂರು ಮಾತೇ. ಕೋಡ್ ಓದಿದರೂ ಗೊತ್ತಾಗದ್ದು.

ಉದ್ದ ಇದ್ದರೆ ಏನು ನಷ್ಟ ಅಂತ ಕೇಳಬಹುದು. ಜಾಗದ ತೊಂದರೆ ಅಲ್ಲ. ಇವತ್ತಿನ ಎಷ್ಟೋ ಮಾಡೆಲ್‌ಗಳು ಒಂದು ಸಲಕ್ಕೆ 2,00,000 ಟೋಕನ್ (ಪದದ ತುಣುಕು) ಹಿಡಿಸುತ್ತವೆ, ಅದರಲ್ಲಿ ನಿಮ್ಮ 400 ಸಾಲು ಒಂದು ಮೂಲೆ ಅಷ್ಟೇ. ತೊಂದರೆ ಇರುವುದು ಗಮನದ್ದು. ಉದ್ದ ಪಠ್ಯ ಕೊಟ್ಟರೆ ಶುರುವಿನಲ್ಲಿ, ಕೊನೆಯಲ್ಲಿ ಇದ್ದದ್ದನ್ನು ಮಾಡೆಲ್ ಚೆನ್ನಾಗಿ ಬಳಸಿಕೊಳ್ಳುತ್ತದೆ, ನಡುವೆ ಇದ್ದದ್ದು ಮಸುಕಾಗುತ್ತದೆ ಅಂತ 2023ರಲ್ಲೇ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದ್ದಾರೆ. ಮಾಡೆಲ್‌ಗಳು ಆಮೇಲೆ ಸುಧಾರಿಸಿವೆ, ನಿಜ. ಆದರೂ ನೀವು ನಿಜವಾಗಿ ಪಾಲಿಸಬೇಕು ಅಂದುಕೊಂಡ ಆರು ಸಾಲನ್ನು, ಪಾಲಿಸಿದರೂ ಬಿಟ್ಟರೂ ವ್ಯತ್ಯಾಸವಾಗದ 394 ಸಾಲಿನ ನಡುವೆ ಹೂತಿಟ್ಟು ಅದು ಕೇಳುತ್ತಿಲ್ಲ ಅಂದರೆ ಹೇಗೆ?

ಇನ್ನೊಂದು, ಬೇರೆಯವರ ಫೈಲಿನಿಂದ ಎತ್ತಿದ ಸಾಲುಗಳು ಒಳಗೊಳಗೇ ಜಗಳ ಆಡುತ್ತವೆ. ನಿಮ್ಮ ಪುಟದಲ್ಲೇ ನೋಡಿ. ಮೇಲೆ 'ಪ್ರತಿ ಫಂಕ್ಷನ್‌ಗೂ ಕಾಮೆಂಟ್ ಬರೆ' ಅಂತಿದೆ, ಕೆಳಗೆ 'ಅನಗತ್ಯ ಕಾಮೆಂಟ್ ಬೇಡ' ಅಂತಿದೆ. ಎರಡರಲ್ಲಿ ಅದು ಯಾವುದನ್ನು ಹಿಡಿದರೂ ನಿಮಗೆ ಸಿಟ್ಟು ಬರುತ್ತದೆ.

ಎಐ ಕೈಯಲ್ಲೇ ಬರೆಸಿದ್ದರ ಬಗ್ಗೆಯೂ ಒಂದು ಮಾತು. ಕ್ಲಾಡ್ ಕೋಡಿನಲ್ಲಿ 'ಇನಿಟ್' ಅನ್ನುವ ಕಮಾಂಡ್ ಇದೆ, ಇಡೀ ಪ್ರಾಜೆಕ್ಟ್ ಓದಿ ಒಂದು ಫೈಲ್ ತಯಾರು ಮಾಡಿಕೊಡುತ್ತದೆ. ಶುರು ಮಾಡಲು ಪರವಾಗಿಲ್ಲ. ಆದರೆ ಯೋಚನೆ ಮಾಡಿ, ಅದು ಬರೆದದ್ದೆಲ್ಲ ಅದಕ್ಕೆ ಓದಿಯೇ ಸಿಕ್ಕಿದ್ದು ಅಲ್ವಾ? ಓದಿ ತಿಳಿದುಕೊಳ್ಳಬಲ್ಲದ್ದನ್ನು ಮತ್ತೆ ಅದಕ್ಕೇ ಓದಿಸುವುದರಲ್ಲಿ ಲಾಭ ಕಡಿಮೆ. ಆ ಕರಡಿನಲ್ಲಿ ಕಮಾಂಡುಗಳನ್ನು ಉಳಿಸಿಕೊಳ್ಳಿ, ಫೋಲ್ಡರುಗಳ ಉದ್ದುದ್ದ ವರ್ಣನೆ ಅಳಿಸಿ.

ಉಳಿದ ಸಾಲು ಬರೆಯುವಾಗ, ಪಾಲಿಸಿದೆಯೋ ಇಲ್ಲವೋ ಅಂತ ನೋಡಿದ ಕೂಡಲೇ ಹೇಳುವ ಹಾಗಿರಲಿ. 'ಸರಿಯಾಗಿ ಟೆಸ್ಟ್ ಮಾಡು' ಅಂದರೆ ಏನೂ ಹೇಳಿದಂತಾಗಲಿಲ್ಲ. 'ಬೆಲೆ ಫೋಲ್ಡರಿನಲ್ಲಿ ಏನೇ ಬದಲಿಸಿದರೂ ಬೆಲೆಯ ಟೆಸ್ಟ್ ಓಡಿಸು, ಪಾಸ್ ಆಗದೆ ಮುಗಿಯಿತು ಅನ್ನಬೇಡ' ಅಂದರೆ ಹೇಳಿದ ಹಾಗೆ, ಜೊತೆಗೆ ಆ ಟೆಸ್ಟಿನ ಕಮಾಂಡನ್ನೂ ಪೂರ್ತಿ ಬರೆದಿಡಿ. 'ಹೊಸ ಡೇಟ್ ಲೈಬ್ರರಿ ಹಾಕಬೇಡ' ಅಂತ ಬರೀ ಬೇಡ ಅನ್ನುವ ಬದಲು 'ದಿನಾಂಕದ ಲೆಕ್ಕಕ್ಕೆ ನಮ್ಮ ಯುಟಿಲ್ಸ್ ಫೋಲ್ಡರಿನ ಡೇಟ್ ಫೈಲನ್ನೇ ಬಳಸು' ಅಂದರೆ ಅದಕ್ಕೆ ಹೋಗಲು ಒಂದು ದಾರಿ ಇರುತ್ತದೆ. ಎರಡು ಸ್ಪೇಸೋ ನಾಲ್ಕೋ, ಸೆಮಿಕೋಲನ್ ಬೇಕೋ ಬೇಡವೋ ಅನ್ನುವ ಸಾಲುಗಳೆಲ್ಲ ಪ್ರೆಟಿಯರ್, ಈಎಸ್‌ಲಿಂಟ್ ಕೆಲಸ. ಒಮ್ಮೆ ಹೊಂದಿಸಿಟ್ಟರೆ ಕೋಡ್ ಸೇವ್ ಮಾಡಿದಾಗ ತಾವಾಗಿ ಸರಿ ಮಾಡುತ್ತವೆ, ಒಂದು ದಿನವೂ ಮರೆಯುವುದಿಲ್ಲ.

ಉದ್ದ ಎಷ್ಟಿರಬೇಕು? ಕ್ಲಾಡ್ ಕೋಡಿನ ಕೈಪಿಡಿ 200 ಸಾಲಿನ ಒಳಗಿರಲಿ ಅನ್ನುತ್ತದೆ. ಕಾಲೇಜಿನ ಪ್ರಾಜೆಕ್ಟಿಗೆ ಮೂವತ್ತು ಸಾಲೇ ಧಾರಾಳ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮದು ಚಿಕ್ಕಮಗಳೂರಿನ ಹತ್ತಿರ ಕಾಫಿ ತೋಟ. ಬೆಂಗಳೂರಿನ ಕೆಲಸ ಬಿಟ್ಟು ಬಂದು, ತೋಟದ ಲೆಕ್ಕಕ್ಕೆ, ಅಕ್ಕಪಕ್ಕದ ಬೆಳೆಗಾರರಿಗೂ ಆಗುವ ಹಾಗೆ ಒಂದು ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಎಐ ಕೋಡ್ ಚೆನ್ನಾಗಿಯೇ ಬರೆಯುತ್ತದೆ, ಆದರೆ ಲೆಕ್ಕ ಎಲ್ಲೋ ತಪ್ಪುತ್ತದೆ. ಪಹಣಿಯ ವಿಸ್ತೀರ್ಣ ಕೂಡಿದರೆ ಒಂದಕ್ಕೊಂದು ತಾಳೆ ಆಗುವುದಿಲ್ಲ. ಕೋಡಿನಲ್ಲಿ ದೋಷ ಕಾಣುತ್ತಿಲ್ಲ.
(ಬೆಳೆಗಾರ, ಚಿಕ್ಕಮಗಳೂರು)

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಸೂಚನೆ ಫೈಲ್ ಇರುವುದೇ ಇಂಥದ್ದಕ್ಕೆ.

ನಿಮ್ಮ ಪಹಣಿಯಲ್ಲಿ 2-20 ಅಂತ ಇದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ ಅಂತ ನಿಮಗೂ ಗೊತ್ತು, ನಿಮ್ಮ ಅಜ್ಜನಿಗೂ ಗೊತ್ತಿತ್ತು. ಎಐಗೆ ಅದು 2.20. ಪಕ್ಕದ ಸರ್ವೆ ನಂಬರಿನದು 1-30 ಅಂದುಕೊಳ್ಳಿ. ಅದು ಕೂಡಿದರೆ 3.50 ಬರುತ್ತದೆ, ಮೂರೂವರೆ ಎಕರೆ ಅಂತ ಪರದೆ ಮೇಲೆ ಅಚ್ಚುಕಟ್ಟಾಗಿ ತೋರಿಸುತ್ತದೆ. ನಿಜವಾದ ಲೆಕ್ಕ ಏನು? 40 ಗುಂಟೆಗೆ ಒಂದು ಎಕರೆ. ಮೊದಲನೆಯದು 100 ಗುಂಟೆ, ಎರಡನೆಯದು 70, ಒಟ್ಟು 170. ಅಂದರೆ 4 ಎಕರೆ 10 ಗುಂಟೆ. ಮುಕ್ಕಾಲು ಎಕರೆ ಎಲ್ಲಿ ಹೋಯಿತು ಅಂತ ಕೋಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಕೂಡಿಸಿದ್ದರಲ್ಲಿ ತಪ್ಪಿಲ್ಲ. ಆಣೆಯನ್ನೂ ಹಿಡಿಯಬೇಕಾದರೆ 16 ಆಣೆಗೆ ಒಂದು ಗುಂಟೆ, ಆಗ ಎಲ್ಲವನ್ನೂ ಆಣೆಯಲ್ಲೇ ಇಟ್ಟುಕೊಳ್ಳಿ.

ಕಾಫಿಯಲ್ಲಿ ಇಂಥವು ಇನ್ನೂ ಇವೆ. ರೋಬಸ್ಟಾ ಚೆರಿ ಮಾರುವಾಗ 50 ಕೆಜಿ ಚೀಲಕ್ಕೆ ಸೀದಾ ಇಷ್ಟು ಅಂತ ಇಲ್ಲದೆ ಔಟ್‌ಟರ್ನ್ (ಓಟಿ, ಒಂದು ಚೀಲ ಚೆರಿಯಿಂದ ಎಷ್ಟು ಕೆಜಿ ಶುದ್ಧ ಬೀಜ ಸಿಗುತ್ತದೆ ಅನ್ನುವುದು) ಮೇಲೆ ಬೆಲೆ ಕಟ್ಟುತ್ತಾರಲ್ಲ, ಅದನ್ನು ಹೇಳದಿದ್ದರೆ ಯಾವ ಎಐಯೂ ಊಹಿಸುವುದಿಲ್ಲ. ಓಟಿ 27 ಬಂತು, ಪಾಯಿಂಟಿಗೆ 400 ರೂಪಾಯಿ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಂಡರೆ ಚೀಲಕ್ಕೆ 10,800. ಅದು 400ನ್ನು ಕೆಜಿ ದರ ಅಂದುಕೊಂಡು 50ರಿಂದ ಗುಣಿಸಿ 20,000 ತೋರಿಸಿದರೆ ನೋಡಲು ಖುಷಿಯಾಗುತ್ತದೆ, ಅಷ್ಟೇ. ಮಳೆ ಲೆಕ್ಕವೂ ಹಾಗೇ. ನೀವು ಇಂಚು-ಸೆಂಟಿನಲ್ಲಿ ಬರೆಯುತ್ತೀರಿ. 2 ಇಂಚು 8 ಸೆಂಟನ್ನು ರೈಟರ್ 2.8 ಅಂತ ಒತ್ತಿದರೆ 8 ಸೆಂಟು 80 ಆಗುತ್ತದೆ, ಹೂಮಳೆಯ ದಾಖಲೆಯೇ ಕೆಟ್ಟುಹೋಗುತ್ತದೆ. ಇನ್ನು '2024-25' ಅಂತ ಕಂಡರೆ ಎಐ ಏಪ್ರಿಲ್‌ನಿಂದ ಮಾರ್ಚ್ ಅಂದುಕೊಳ್ಳುವ ಸಂಭವವೇ ಜಾಸ್ತಿ. ಕಾಫಿ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರ್.

ನಿಮ್ಮ ಫೈಲಿಗೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

*ವಿಸ್ತೀರ್ಣ ಎಕರೆ-ಗುಂಟೆಯಲ್ಲಿ ಬರುತ್ತದೆ, 40 ಗುಂಟೆ = 1 ಎಕರೆ. ಡೇಟಾಬೇಸಿನಲ್ಲಿ ಒಟ್ಟು ಗುಂಟೆ, ಪೂರ್ಣಸಂಖ್ಯೆ. 2-20 ಅಂದರೆ 100.*
*ರೋಬಸ್ಟಾ ಚೆರಿ: ಚೀಲದ ಬೆಲೆ = ಓಟಿ × ಪಾಯಿಂಟ್ ದರ. ಚೀಲ 50 ಕೆಜಿ. ದರ ಕೆಜಿ ಚೆರಿಯದ್ದಲ್ಲ.*
*ಮಳೆ: ಇಂಚು ಒಂದು ಕಾಲಂ, ಸೆಂಟು ಇನ್ನೊಂದು. 100 ಸೆಂಟು = 1 ಇಂಚು.*
*ಬೆಳೆ ವರ್ಷ ಅಕ್ಟೋಬರ್ 1ರಿಂದ. ತೆರಿಗೆ ವರದಿಗೆ ಮಾತ್ರ ಏಪ್ರಿಲ್ 1ರಿಂದ.*

ಇಷ್ಟೇ. 2-20 ಅಂದರೆ 100 ಅನ್ನುವ ಉದಾಹರಣೆ ಇದೆಯಲ್ಲ, ಅದನ್ನು ಮಾತ್ರ ತೆಗೆಯಬೇಡಿ. ಒಂದು ಪ್ಯಾರಾ ವಿವರಣೆಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ. ಅದನ್ನೇ ಒಂದು ಟೆಸ್ಟ್ ಆಗಿಯೂ ಬರೆದುಬಿಟ್ಟರೆ ಎಐ ಮರೆತರೂ ಟೆಸ್ಟ್ ಹಿಡಿಯುತ್ತದೆ.

ಮುಂದೆ ಆಳುಗಳ ಹಾಜರಿ, ಗೊಬ್ಬರದ ಸ್ಟಾಕು ಅಂತ ಬೆಳೆದಾಗ ಎಲ್ಲವನ್ನೂ ಮೇಲಿನ ಫೈಲಿಗೆ ತುಂಬಬೇಡಿ. ಹಾಜರಿ ಫೋಲ್ಡರಿನ ಒಳಗೇ ಅದರದ್ದೊಂದು ಪುಟ್ಟ ಫೈಲ್ ಇಡಬಹುದು. ಕ್ಲಾಡ್ ಕೋಡ್ ಆ ಫೋಲ್ಡರಿನ ಫೈಲುಗಳನ್ನು ಓದಲು ಹೋದಾಗ ಮಾತ್ರ ಅದನ್ನು ತೆಗೆದುಕೊಳ್ಳುತ್ತದೆ. ಒಂದು ಎಚ್ಚರಿಕೆ. ಮುಖ್ಯ ಫೈಲಿನಲ್ಲಿ ಅಟ್ ಚಿಹ್ನೆ ಹಾಕಿ ಇನ್ನೊಂದು ಫೈಲಿನ ಹೆಸರು ಬರೆದರೆ ಅದು ಶುರುವಿನಲ್ಲೇ ಇಡಿಯಾಗಿ ಒಳಗೆ ಬರುತ್ತದೆ, ಹಾಗೆ ಒಡೆದಿಟ್ಟು ಫೈಲ್ ಚಿಕ್ಕದಾಯಿತು ಅಂದುಕೊಂಡರೆ ನೋಡಲು ಚಿಕ್ಕದು ಅಷ್ಟೇ. ಬದಲಿಗೆ 'ಹಾಜರಿ ಬಗ್ಗೆ ಕೆಲಸ ಬಂದರೆ ಡಾಕ್ಸ್ ಫೋಲ್ಡರಿನ ಹಾಜರಿ ಫೈಲ್ ಓದು' ಅಂತ ಮಾತಿನಲ್ಲಿ ಬರೆಯಿರಿ.

ಪ್ರಶ್ನೆ: ನಾನು ಒಂದು ಸಹಾಯಕ ಬಳಸುತ್ತೇನೆ, ನನ್ನ ಜೊತೆಗಾರ ಇನ್ನೊಂದು. ಒಬ್ಬೊಬ್ಬರಿಗೂ ಒಂದೊಂದು ಹೆಸರಿನ ಫೈಲ್ ಬೇಕಂತೆ. ಎರಡು ಕಡೆ ಬರೆಯಬೇಕಾ?
(ಫ್ರೀಲಾನ್ಸರ್, ಸಕಲೇಶಪುರ)

ಉತ್ತರ: ಬೇಡ. ಎರಡು ಕಡೆ ಬರೆದರೆ ಒಂದೇ ತಿಂಗಳಲ್ಲಿ ಎರಡೂ ಬೇರೆ ಬೇರೆ ಹೇಳುತ್ತವೆ. ಕ್ಲಾಡ್ ಕೋಡ್ ನೋಡುವುದು 'ಕ್ಲಾಡ್ ಡಾಟ್ ಎಂಡಿ', ಜೆಮಿನಿ ಸಿಎಲ್‌ಐ ನೋಡುವುದು 'ಜೆಮಿನಿ ಡಾಟ್ ಎಂಡಿ', ಕೋಪೈಲಟ್‌ಗೆ ಗಿಟ್‌ಹಬ್ ಫೋಲ್ಡರಿನ ಒಳಗೆ ಅದರದೇ ಹೆಸರಿನ ಒಂದು ಫೈಲು. ಕೋಡೆಕ್ಸ್, ಕರ್ಸರ್ ಸೇರಿ ತುಂಬಾ ಸಹಾಯಕರು ಈಗ 'ಏಜೆಂಟ್ಸ್ ಡಾಟ್ ಎಂಡಿ' ಓದುತ್ತಾರೆ. ಹಾಗಾಗಿ ವಿಷಯವನ್ನೆಲ್ಲ ಏಜೆಂಟ್ಸ್ ಫೈಲಿನಲ್ಲಿ ಇಡಿ. ಕ್ಲಾಡ್ ಫೈಲಿನಲ್ಲಿ ಅಟ್ ಚಿಹ್ನೆ ಹಾಕಿ ಆ ಫೈಲಿನ ಹೆಸರು, ಒಂದೇ ಸಾಲು. ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲೇ ಬರೆಯಿರಿ (CLAUDE.md, AGENTS.md), ಸಣ್ಣಕ್ಷರ ಹಾಕಿ ಓದುತ್ತಿಲ್ಲ ಅಂತ ಒದ್ದಾಡಬೇಡಿ.

ಪ್ರಶ್ನೆ: 'ಗ್ರಾಹಕರ ಡೇಟಾಬೇಸ್ ಮುಟ್ಟಲೇಬೇಡ' ಅಂತ ದೊಡ್ಡಕ್ಷರದಲ್ಲಿ, ಮೂರು ಆಶ್ಚರ್ಯಚಿಹ್ನೆ ಹಾಕಿ ಬರೆದಿದ್ದೆ. ಆದರೂ ಒಂದು ದಿನ ಟೆಸ್ಟ್ ಮಾಡಲು ಹೋಗಿ ಅದರಲ್ಲೇ ನಾಲ್ಕು ದಾಖಲೆ ಅಳಿಸಿಬಿಟ್ಟಿತು. ಬ್ಯಾಕಪ್ ಇತ್ತು, ಬಚಾವಾದೆ. ಇನ್ನು ಹೇಗೆ ಬರೆಯಬೇಕು?
(ಮನೆಯಿಂದಲೇ ಕೆಲಸ ಮಾಡುವವರು, ಅರಸೀಕೆರೆ)

ಉತ್ತರ: ಹೇಗೆ ಬರೆದರೂ ಅಷ್ಟೇ ಸರ್. ಆ ಫೈಲ್ ಅದಕ್ಕೆ ಓದಲು ಕೊಟ್ಟ ಮಾತು. ಬೀಗ ಅಲ್ಲ. ಹತ್ತು ಸಲದಲ್ಲಿ ಒಂಬತ್ತು ಸಲ ಪಾಲಿಸಿ ಹತ್ತನೇ ಸಲ ಬಿಟ್ಟರೆ ಹೆಸರಿಡುವ ವಿಷಯದಲ್ಲಿ ಸಹಿಸಿಕೊಳ್ಳಬಹುದು, ಡೇಟಾ ಅಳಿಸುವ ವಿಷಯದಲ್ಲಿ ಆಗುತ್ತಾ?

ನಿಜವಾದ ಗ್ರಾಹಕರ ಡೇಟಾಬೇಸಿನ ಪಾಸ್‌ವರ್ಡು ಆ ಲ್ಯಾಪ್‌ಟಾಪಿನಲ್ಲಿ ಯಾಕಿತ್ತು ಅನ್ನುವಲ್ಲಿಂದ ಶುರು ಮಾಡಿ. ಕೆಲಸಕ್ಕೆ ಬೇರೆ ಪ್ರತಿ ಇಡಿ. ನಿಜವಾದದ್ದನ್ನು ನೋಡಲೇಬೇಕು ಅಂದರೆ ಓದಲು ಮಾತ್ರ ಅನುಮತಿ ಇರುವ ಬೇರೆ ಯೂಸರ್ ಮಾಡಿ. ಕ್ಲಾಡ್ ಕೋಡಿನ ಸೆಟ್ಟಿಂಗ್ಸ್‌ನಲ್ಲಿ ಇಂಥ ಕಮಾಂಡ್ ಬೇಡವೇ ಬೇಡ ಅಂತ ತಡೆಹಾಕಬಹುದು, ಹುಕ್ ಅಂತಲೂ ಇದೆ, ಪ್ರತಿ ಕಮಾಂಡಿಗೂ ಮೊದಲು ನೀವು ಬರೆದ ಒಂದು ಸಣ್ಣ ಸ್ಕ್ರಿಪ್ಟ್ ಓಡಿ, ಬೇಡದ್ದು ಕಂಡರೆ ನಿಲ್ಲಿಸಿಬಿಡುತ್ತದೆ. ಬೇರೆ ಸಹಾಯಕರಲ್ಲೂ ಯಾವುದಕ್ಕೆ ನಿಮ್ಮನ್ನು ಕೇಳಿ ಮುಂದುವರಿಯಬೇಕು ಅಂತ ನಿಗದಿ ಮಾಡುವ ಜಾಗ ಹುಡುಕಿ. ಇದೆಲ್ಲ ಆದಮೇಲೆ ಫೈಲಿನಲ್ಲಿ 'ಟೆಸ್ಟಿಗೆ ಲೋಕಲ್ ಡೇಟಾಬೇಸ್ ಬಳಸು, ಶುರು ಮಾಡುವ ಕಮಾಂಡ್ ಇದು' ಅಂತ ಒಂದೇ ಸಾಲು ಸಾಕು. ಅದು ನಿಜವಾದದ್ದಕ್ಕೆ ಹೋದದ್ದೇ ಲೋಕಲ್ ಒಂದು ಇದೆ ಅಂತ ಗೊತ್ತಿಲ್ಲದೆ ಇರಬಹುದು.

ದೊಡ್ಡಕ್ಷರದ ವಿಷಯ: ಇಡೀ ಫೈಲಿನಲ್ಲಿ ಒಂದು ಕಡೆ ಇದ್ದರೆ ಬೆಲೆ ಇರುತ್ತದೆ. ಎಲ್ಲ ಸಾಲೂ ಕೂಗಿದರೆ ಯಾವುದು ಮುಖ್ಯ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಪ್ರಶ್ನೆ: ಸೂಚನೆಗಳನ್ನು ಕನ್ನಡದಲ್ಲೇ ಬರೆಯಬಹುದೇ? ಇಂಗ್ಲಿಷ್ ಬರೆಯಲು ನನಗೆ ಹಿಂಜರಿಕೆ.
(ಶಿಕ್ಷಕಿ, ಕಡೂರು)

ಉತ್ತರ: ಧಾರಾಳವಾಗಿ ಬರೆಯಿರಿ ಮೇಡಂ, ಅರ್ಥವಾಗುತ್ತದೆ. ತಡವರಿಸಿದ ಇಂಗ್ಲಿಷಿಗಿಂತ ಸ್ಪಷ್ಟವಾದ ಕನ್ನಡ ವಾಸಿ. ಎರಡು ವಿಷಯ ಮಾತ್ರ ಗೊತ್ತಿರಲಿ. ಕನ್ನಡ ಪಠ್ಯ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ ತಿನ್ನುತ್ತದೆ. ಹಾಗೆಯೇ ಫೈಲಿನ ಗಾತ್ರವೂ ಬೇಗ ಏರುತ್ತದೆ, ಯಾಕೆಂದರೆ ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು. ಕೋಡೆಕ್ಸ್ ತಾನಾಗಿ ಓದುವುದು 32 ಕೆಬಿಯವರೆಗೆ. ಕನ್ನಡದಲ್ಲಿ ಬರೆದರೆ ಆ ಮಿತಿ ಹೆಚ್ಚುಕಡಿಮೆ ಮೂರು ಪಟ್ಟು ಬೇಗ ಬರುತ್ತದೆ. ಚಿಕ್ಕದಾಗಿ ಬರೆಯಲು ಇದೂ ಒಂದು ಕಾರಣ. ಫೈಲ್, ಫಂಕ್ಷನ್, ಕಮಾಂಡುಗಳ ಹೆಸರು ಮಾತ್ರ ಕೋಡಿನಲ್ಲಿ ಇದ್ದ ಹಾಗೇ ಇರಲಿ, ಅವನ್ನು ಕನ್ನಡ ಲಿಪಿಗೆ ತಿರುಗಿಸಿದರೆ ಅದು ಹುಡುಕಾಡಬೇಕಾಗುತ್ತದೆ.

ನೀವು ಮಕ್ಕಳ ಹೆಸರಿನ ಪಟ್ಟಿ ಮಾಡುತ್ತಿದ್ದೀರಿ ಅಂತ ಬರೆದಿದ್ದೀರಿ. ಹಾಗಿದ್ದರೆ ಒಂದು ಸಾಲು ಖಂಡಿತ ಇರಲಿ: 'ಹೆಸರುಗಳು ಕನ್ನಡದಲ್ಲಿವೆ, ಉದ್ದ ನೋಡಿ ಕತ್ತರಿಸಬೇಡ.' 'ಶ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಶ, ಹಲಂತದ ಚಿಹ್ನೆ, ರ, ದೀರ್ಘ ಈಕಾರ, ಹೀಗೆ ನಾಲ್ಕು. ಜಾಗ ಸಾಲದು ಅಂತ ಎಐ ಹೆಸರನ್ನು ಹತ್ತಕ್ಕೆ ಕತ್ತರಿಸುವ ಕೋಡ್ ಬರೆದರೆ ಒತ್ತಕ್ಷರದ ನಡುವೆಯೇ ಕತ್ತರಿ ಬಿದ್ದು, ಒಬ್ಬಳ ಹೆಸರು ಅರ್ಧ ಅಕ್ಷರದಲ್ಲಿ ನಿಲ್ಲುತ್ತದೆ. ಪಿಡಿಎಫ್ ಮಾಡಿಸುವುದಾದರೆ ಒತ್ತಕ್ಷರ ಸರಿಯಾಗಿ ಕೂಡಿಸುವ ಲೈಬ್ರರಿ ಯಾವುದು ಅಂತ ಒಮ್ಮೆ ಪರೀಕ್ಷೆ ಮಾಡಿ, ಅದರ ಹೆಸರನ್ನೂ ಬರೆದಿಡಿ.

ಪ್ರಶ್ನೆ: ನಮ್ಮ ಟೀಮಿನಲ್ಲಿ ಏನೇ ತಪ್ಪಾದರೂ ಹಿರಿಯರೊಬ್ಬರು ಫೈಲಿಗೆ ಒಂದು ಸಾಲು ಸೇರಿಸುತ್ತಾರೆ. ತೆಗೆಯುವವರು ಯಾರೂ ಇಲ್ಲ. ಅವರಿಗೆ ಹೇಗೆ ಹೇಳುವುದು?
(ಹೆಸರು ಬೇಡ, ಬೇಲೂರು)

ಉತ್ತರ: ತಪ್ಪಾದ ಮೇಲೆ ಸೇರಿಸುವುದು ಒಳ್ಳೆ ಅಭ್ಯಾಸವೇ, ಮೊದಲೇ ಎಲ್ಲ ಊಹಿಸಿ ಬರೆಯುವುದಕ್ಕಿಂತ ಎಷ್ಟೋ ಮೇಲು. ಒಮ್ಮೆ ಆದ ತಪ್ಪಿಗೆ ಮಾತ್ರ ಸೇರಿಸಬೇಡಿ ಅನ್ನಿ. ಅದೇ ತಪ್ಪು ಎರಡನೇ ಸಲ ಬಂದಾಗ ಸೇರಿಸಿ. ಬೇರೆ ಕೋಡಿನ ಹಾಗೆ ಈ ಫೈಲಿನ ಬದಲಾವಣೆಯೂ ಇನ್ನೊಬ್ಬರ ಕಣ್ಣಿಗೆ ಬಿದ್ದೇ ಒಳಗೆ ಹೋಗಲಿ, ಯಾಕೆ ಸೇರಿಸಿದ್ದು ಅಂತ ಕಮಿಟ್ ಸಂದೇಶದಲ್ಲಿ (ಬದಲಾವಣೆ ದಾಖಲಿಸುವಾಗ ಬರೆಯುವ ಟಿಪ್ಪಣಿ) ಇರಲಿ. ಆರು ತಿಂಗಳ ಹಿಂದೆ ಬಿಟ್ಟ ಲೈಬ್ರರಿಯ ಬಗ್ಗೆ ಸಾಲು ಇದ್ದರೆ ಅದು ಬರೀ ದಂಡವಲ್ಲ, ಅಪಾಯ, ಎಐ ಅದನ್ನು ನಂಬಿ ಹಳೇ ದಾರಿಗೇ ಹೋಗುತ್ತದೆ.

ಹಿರಿಯರಿಗೆ ಹೇಳಲು ಸುಲಭದ ದಾರಿ, ಅವರ ಎದುರಿಗೇ ಒಂದು ಸಾಲು ತೆಗೆದು ಅದೇ ಕೆಲಸ ಮತ್ತೆ ಕೊಡಿ. ತಪ್ಪು ಬರದಿದ್ದರೆ ಸಾಲು ಹೋಯಿತು. ಬಂದರೆ ವಾಪಸ್ ಹಾಕಿ, ಅವರಿಗೂ ಖುಷಿ. ಒಂದು ಸಲ ನೋಡಿ ನಿರ್ಧಾರ ಮಾಡಬೇಡಿ, ಅದೇ ಪ್ರಶ್ನೆಗೆ ಅದು ಪ್ರತಿ ಸಲ ಒಂದೇ ಥರ ನಡೆದುಕೊಳ್ಳುವುದಿಲ್ಲ. ಎರಡು ಮೂರು ಸಲ ಹೊಸ ಸೆಷನ್‌ನಲ್ಲಿ ನೋಡಿ.

ಪ್ರಶ್ನೆ: ಪೇಮೆಂಟ್ ಕಂಪನಿ ಕೊಟ್ಟ ಗುಪ್ತ ಕೀಯನ್ನು ಎಐ ಪ್ರತಿ ಸಲ ಕೇಳುತ್ತದೆ ಅಂತ ಫೈಲಿನಲ್ಲೇ ಬರೆದಿಟ್ಟಿದ್ದೇನೆ. ಪರವಾಗಿಲ್ಲ ಅಲ್ವಾ?
(ಓದುಗ, ತರೀಕೆರೆ)

ಉತ್ತರ: ಅಯ್ಯೋ, ಬೇಡ. ಆ ಫೈಲ್ ಕೋಡಿನ ಎಲ್ಲ ಹಳೇ ಪ್ರತಿಗಳನ್ನೂ ಇಟ್ಟುಕೊಳ್ಳುವ ಗಿಟ್‌ಗೆ ಹೋಗುತ್ತದೆ, ಪ್ರತಿ ಸೆಷನ್‌ನಲ್ಲೂ ಎಐ ಕಂಪನಿಯ ಸರ್ವರಿಗೂ ಹೋಗುತ್ತದೆ. ಕೀಯನ್ನು ಎನ್ವಿರಾನ್ಮೆಂಟ್ ವೇರಿಯಬಲ್ ಆಗಿ, ಅಂದರೆ ಕೋಡಿನ ಹೊರಗೆ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಇಡಿ, ಫೈಲಿನಲ್ಲಿ ಅದರ ಹೆಸರು ಮಾತ್ರ ಬರೆಯಿರಿ. ಈಗಾಗಲೇ ಕಮಿಟ್ ಮಾಡಿದ್ದರೆ ಸಾಲು ಅಳಿಸಿ ಪ್ರಯೋಜನವಿಲ್ಲ, ಗಿಟ್ ಇತಿಹಾಸದಲ್ಲಿ ಇದ್ದೇ ಇರುತ್ತದೆ. ಇವತ್ತೇ ಪೇಮೆಂಟ್ ಕಂಪನಿಯ ಡ್ಯಾಶ್‌ಬೋರ್ಡಿಗೆ ಹೋಗಿ ಹಳೇ ಕೀ ರದ್ದು ಮಾಡಿ ಹೊಸದು ತೆಗೆದುಕೊಳ್ಳಿ.